ಜನವರಿ ಒಂಬತ್ತರ ಪುಟ

ಕಿರ್ಕೆನೆಸ್ಸಿನ ಡಾಕ್ಟರು ಒಂದು ನೋಟುಬುಕ್ಕು ಕೊಟ್ಟರು:
ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರ ಎಷ್ಟು ಸಲ.
ಮೀನಿನ ತೂಕ ಬರೆವ ಪುಸ್ತಕದ್ದೇ ಗೆರೆ.
ನಕ್ಕೆ. ಇಷ್ಟಗಲದ ಖಾನೆಯಲ್ಲಿ
ಹನ್ನೊಂದು ವರ್ಷ ಹಿಡಿಸೀತೇ?

ಮೇ ತಿಂಗಳಿಂದ ಶುರು.
ವಾರ್ಡೋದಲ್ಲಿ ಆಗ ಸೂರ್ಯನಿಗೆ ಮನೆಗೆ ಹೋಗುವ ಬುದ್ಧಿಯಿಲ್ಲ,
ಊಟ ಮುಗಿದರೂ ಕುರ್ಚಿ ಬಿಡದ ನೆಂಟನ ಹಾಗೆ
ಕಿಟಕಿಯ ಅಂಚಲ್ಲೇ ಕೂತಿರುತ್ತಾನೆ.
ರಾತ್ರಿ ಒಂದೂವರೆಗೆ ಪಕ್ಕದ ಮನೆಯ ಓಡ್‌ವಾರ್
ಬೇಲಿಗೆ ಬಣ್ಣ ಬಳಿಯುತ್ತಿದ್ದ.
ಗೋದಾಮಿನ ಕಿಟಕಿಕಟ್ಟೆಯ ಕಡಲಹಕ್ಕಿಗಳಿಗೆ
ಜಗಳಕ್ಕೆ ಹೊತ್ತುಗೊತ್ತಿಲ್ಲ.
ದಪ್ಪ ಕರಿ ಪರದೆ ಹೊಲಿದೆ, ಅಂಚಿಗೆ
ಬಲೆಯ ಸೀಸದ ಗುಂಡು ಕಟ್ಟಿದೆ.
ಆದರೂ ಸೂಜಿ ತೂರುವಷ್ಟು ಸಂದಿಯಲ್ಲಿ
ಬೆಳಕು ಬಂದು ರೆಪ್ಪೆ ಎತ್ತಿ ನೋಡಿತು.

ಸಂತೆಯಲ್ಲೂ ನಿದ್ದೆ ಹೊಡೆವ ಪೈಕಿ ನನ್ನ ಗಂಡ, ಇಂಗ್ವಾಲ್ಡ್.
ದಿಂಬಿಗೆ ತಲೆ ತಾಗುವ ಮೊದಲೇ ಗೊರಕೆ,
ಟ್ರಾಲರಿನ ಇಂಜಿನ್ನು ಅಂತ ಮಗಳು ಆಡಿಕೊಳ್ಳುತ್ತಿದ್ದಳು.
ನನ್ನನ್ನು ಎಬ್ಬಿಸಿದ್ದು ಗೊರಕೆಯಲ್ಲ.
ಗೊರಕೆ ನಿಲ್ಲುತ್ತಿತ್ತಲ್ಲ, ಅದು.
ನಿಂತಾಗ ಎಣಿಸುತ್ತಿದ್ದೆ. ಹತ್ತು. ಹದಿನೆಂಟು. ಇಪ್ಪತ್ತಾರು.
ಆಮೇಲೆ, ಮುಳುಗಿದವನು ಮೇಲೆ ಬಂದ ಹಾಗೆ, ಒಂದು ಏದುಸಿರು.
ಹಗಲೆಲ್ಲ ಶೆಡ್ಡಿನಲ್ಲಿ ಕುಳಿತು
ನಾನೂರು ಗಾಳಕ್ಕೆ ಎರೆ ಸಿಕ್ಕಿಸುವ ಕೈ ನನ್ನದು,
ಎಣಿಕೆ ತಪ್ಪುವುದಿಲ್ಲ.

ಹೋದ ಈಸ್ಟರಿಗೆ ಅವನಿಗೆ ಯಂತ್ರ ಬಂತು:
ಮೂಗಿಗೊಂದು ಮುಖವಾಡ, ಕೊಳವೆ, ಮಂಚದ ಪಕ್ಕ ಮೆಲುಗಾಳಿ.
ಉಸಿರು ಈಗ ನಿಲ್ಲುವುದೇ ಇಲ್ಲ.
ಕಾವಲು ಮುಗಿಯಿತು, ಹೋಗಿ ಮಲಗು ಅಂತ
ನನ್ನ ಕಣ್ಣಿಗೆ ಹೇಳುವವರು ಯಾರು?

ಸೆಪ್ಟೆಂಬರಿನಲ್ಲಿ ಕತ್ತಲೆ ಬೆಳಕು
ತಕ್ಕಡಿಯಲ್ಲಿ ಸಮ ನಿಂತ ವಾರ
ಐದು ಗಂಟೆ ನಿದ್ದೆ ಅಂತ ಬರೆದಿದ್ದೇನೆ, ಎರಡು ಸಲ.
ಪಕ್ಕದಲ್ಲಿ ಕಾಫಿಯ ಕಲೆ.
ಮಧ್ಯಾಹ್ನದ ಮೇಲೆ ಅದೂ ಬೇಡ, ಅಂದಳು ಫೋನಿನಲ್ಲಿ ನರ್ಸ್ ಬೆರಿತ್.
ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಬೇಡ, ಎದ್ದುಹೋಗು,
ಬೇಜಾರಿನ ಕೆಲಸ ಏನಾದರೂ ಮಾಡು.
ಎಷ್ಟು ಹೊತ್ತಿಗೆ ಮಲಗಿದರೂ ಆರಕ್ಕೆ ಏಳು.
ಕಾಲುಚೀಲದ ಜೋಡಿ ಹುಡುಕಲು ಕೂತೆ.
ಅಕ್ಟೋಬರಿನ ಹೊತ್ತಿಗೆ
ಮನೆಯ ಒಂದು ಕಾಲುಚೀಲವೂ ಒಂಟಿಯಿರಲಿಲ್ಲ.

ನವೆಂಬರ್ ಕೊನೆಗೆ ಸೂರ್ಯ ಬಾಗಿಲು ಎಳೆದುಕೊಂಡು ಹೋದ.
ಆಗಿನ ಕಷ್ಟವೇ ಬೇರೆ. ಹಗಲು ತೂಕಡಿಕೆ, ರಾತ್ರಿ ಕಣ್ಣು ನಿಚ್ಚಳ.
ಬೆಳಿಗ್ಗೆ ಗಂಜಿಯ ಬಟ್ಟಲಿನೆದುರು ದೀಪದ ಹಲಗೆ,
ಅರ್ಧ ಗಂಟೆ ಅದರ ಮುಂದೆ ಕೂರಬೇಕು.
ಗುಣ ಆಗುತ್ತದಾ ಅಂದರೆ
ಡಾಕ್ಟರು ಇಟ್ಟದ್ದೂ ಅಡ್ಡಗೋಡೆಯ ಮೇಲಿನ ದೀಪವೇ:
ಹಲವರಿಗೆ ಆಗಿದೆ, ನೋಡೋಣ.

ಜನವರಿ ಒಂಬತ್ತು. ಬಿರುಗಾಳಿ. ದ್ವೀಪಕ್ಕೇ ಕರೆಂಟು ಹೋಯಿತು.
ಇದು ನಾನು ಆಮೇಲೆ ತಿಳಿದದ್ದು.
ಯಂತ್ರ ನಿಂತಿತು. ಇಂಗ್ವಾಲ್ಡ್ ಉಸಿರುಗಟ್ಟಿ ಎದ್ದ,
ಮುಖವಾಡ ಕಿತ್ತ, ಕತ್ತಲಲ್ಲಿ ನನ್ನನ್ನು ತಡವಿದ.
ನಾನು ಏಳಲಿಲ್ಲ.
ಆ ಮೌನ, ಹನ್ನೊಂದು ವರ್ಷ ನಾನು ಕಾದು ಕೂತಿದ್ದ ಅದೇ ಮೌನ,
ಬಂದು ಹೋಗಿದೆ. ನನಗೆ ಗೊತ್ತಿಲ್ಲ.

ಬೆಳಿಗ್ಗೆ ಪುಸ್ತಕದಲ್ಲಿ ನನ್ನದಲ್ಲದ ಬರಹ,
ದೋಣಿಯ ದಿನಚರಿ ಬರೆದು ಪಳಗಿದ ದಪ್ಪಕ್ಷರ:
"ಹನ್ನೊಂದಕ್ಕೆ ಮಲಗಿದಳು. ಎರಡಕ್ಕೆ ಕರೆಂಟು ಹೋಯಿತು.
ಗಾಳಿ ವಾಯವ್ಯದಿಂದ. ಆರಾದರೂ ಎದ್ದಿಲ್ಲ.
ಎರಡು ಸಲ ಉಸಿರು ನೋಡಿದೆ. ಇದೆ."

ಹತ್ತು ಹನ್ನೆರಡು ದಿನ ಬಿಟ್ಟು ಕೋಟೆಯಲ್ಲಿ ತೋಪು ಹಾರಿತು,
ಸೂರ್ಯ ಪೂರ್ತಿ ಕಂಡ ಲೆಕ್ಕ, ಮಕ್ಕಳಿಗೆ ರಜೆ.
ಆ ರಾತ್ರಿ ನನಗೆ ಮತ್ತೆ ಮೂರೇ ಗಂಟೆ.
ಅದನ್ನೂ ಬರೆದೆ. ಅಂಗಡಿಗೆ ಹೊರಟವನಿಗೆ ಕೂಗಿ ಹೇಳಿದೆ,
ಮೇ ಬರುತ್ತಿದೆ, ಪರದೆಗೆ
ಇನ್ನೂ ನಾಲ್ಕು ಸೀಸದ ಗುಂಡು ಬೇಕು.